ಬಾಡದ ಹೂಗುಚ್ಛ: ಕಟ್ಟುವ ಮತ್ತು ದಾಟಿಸುವ ವಿಧಾನ

ನಿಜವಾದ ಹೂವಿನಲ್ಲಿರುವುದು ಒಂದೇ ದೋಷ: ಬಾಡುತ್ತದೆ. ಇಂದು ಬೆಳಿಗ್ಗೆ ದೇವರ ಪಟಕ್ಕೆ ಏರಿಸಿದ ಹೂ ನಾಳೆ ಬೆಳಿಗ್ಗೆಗೆ ನಿರ್ಮಾಲ್ಯ. ಅದನ್ನು ತೆಗೆಯಬೇಕು, ಯಾರೂ ತುಳಿಯದ ಜಾಗ ನೋಡಿ ಗಿಡದ ಬುಡಕ್ಕೆ ಹಾಕಬೇಕು, ಮತ್ತೆ ಹೊಸ ಹೂ ತರಬೇಕು. ನಮ್ಮ ಅಜ್ಜಿಯರು ದಿನವೂ ಇದನ್ನೇ ಮಾಡಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ. ಪಾಲಿಯೆಸ್ಟರ್, ಪ್ಲಾಸ್ಟಿಕ್, ತಂತಿ, ಅಂಟು, ಇವಿಷ್ಟರಿಂದ ಮನೆಯಲ್ಲೇ ಒಂದು ಹೂಗುಚ್ಛ ಕಟ್ಟಿಕೊಳ್ಳಿ. ನಿಮ್ಮ ಸೋಫಾದ ಕವರಿಗಿಂತ, ಮನೆಸಾಲದ ಕಂತಿಗಿಂತ, ಎದುರುಮನೆಯವರ ಸ್ನೇಹಕ್ಕಿಂತ ಅದು ಹೆಚ್ಚು ಕಾಲ ಬಾಳುತ್ತದೆ. ಕೆಲಸ ಸುಲಭ. ಹೇಳಿದ ಕ್ರಮದಲ್ಲಿ ಮಾಡಿ.

ಪೂರ್ವಸಿದ್ಧತೆ: ಹೂವಮ್ಮನನ್ನು ನಿಲ್ಲಿಸಿ

ಮೊದಲು ಬೀದಿಯಲ್ಲಿ ಬುಟ್ಟಿ ಹೊತ್ತು ಬರುವ ಹೂವಮ್ಮನ ವ್ಯವಹಾರ ಮುಗಿಸಿ. ಆಕೆ ಹೂವನ್ನು ಮೊಳದಲ್ಲಿ ಅಳೆಯುತ್ತಾಳೆ. ಅವಳ ಕೈ ಗಿಡ್ಡ ಎಂದು ನೀವು ಗೊಣಗುತ್ತೀರಿ. ಆಕೆ ನಕ್ಕು ಮೇಲೆ ನಾಲ್ಕು ಬೆರಳು ಕೊಸರು ಬಿಡುತ್ತಾಳೆ. ಇಂಥ ಲೆಕ್ಕವಿಲ್ಲದ ವ್ಯಾಪಾರದಿಂದ ಮನೆಯ ಬಜೆಟ್ಟು ಹದಗೆಡುತ್ತದೆ. ಅಷ್ಟೇ ಅಲ್ಲ, ನಿಮ್ಮ ಸೊಂಟನೋವು ಹೇಗಿದೆ, ಮಗಳಿಗೆ ಗಂಡು ಗೊತ್ತಾಯಿತೇ ಎಂದು ಆಕೆ ವಿಚಾರಿಸುತ್ತಾಳೆ. ಆಕೆ ವಿಚಾರಿಸಿದ ಮೇಲೆ ನೀವೂ ತಿರುಗಿ ವಿಚಾರಿಸಬೇಕಾಗುತ್ತದೆ. ಪ್ಲಾಸ್ಟಿಕ್ ಹೂವಿನಲ್ಲಿ ಈ ಹೊರೆ ಇಲ್ಲ. ಕೊಸರೂ ಇಲ್ಲ.

"ನಾಳೆಯಿಂದ ಹೂ ಬೇಡಮ್ಮ" ಎಂದು ನೇರವಾಗಿ ಹೇಳಬೇಡಿ. "ಊರಿಗೆ ಹೋಗ್ತಿದೀವಿ" ಅನ್ನಿ. "ಯಾವಾಗ ಬರ್ತೀರವ್ವಾ?" ಎಂದರೆ "ಹೇಳಿ ಕಳಿಸ್ತೀನಿ" ಅನ್ನಿ. ಆಮೇಲೆ ಆಕೆ ಬೀದಿ ದಾಟುವ ಹೊತ್ತಿಗೆ ಟಿವಿಯ ಸದ್ದು ತಗ್ಗಿಸಿ, ಕುಕ್ಕರಿನ ಸೀಟಿ ಕೂಗದಂತೆ ನೋಡಿಕೊಳ್ಳಿ. ಒಂದೆರಡು ವಾರದಲ್ಲಿ ಅಭ್ಯಾಸವಾಗುತ್ತದೆ.

ಖರೀದಿ

ವರಮಹಾಲಕ್ಷ್ಮಿ ಹಬ್ಬದ ವಾರವನ್ನೇ ಆರಿಸಿಕೊಳ್ಳಿ. ಆಗ ಕನಕಾಂಬರದ ಬೆಲೆ ಕೆ.ಜಿ.ಗೆ ಸಾವಿರ ರೂಪಾಯಿ ದಾಟಿರುತ್ತದೆ, ಮಲ್ಲಿಗೆ ಅದರ ಹಿಂದೆಯೇ ಓಡುತ್ತಿರುತ್ತದೆ. ಮನೆಯವರೆಲ್ಲ ಇರುವಾಗ ಪತ್ರಿಕೆಯಲ್ಲಿ ಬಂದ ಆ ದರವನ್ನು ಗಟ್ಟಿಯಾಗಿ ಓದಿ, ಒಂದು ನಿಟ್ಟುಸಿರು ಬಿಡಿ. ಮುಂದೆ ನೀವು ಮಾಡುವ ಎಲ್ಲ ಖರ್ಚಿಗೂ ಈ ನಿಟ್ಟುಸಿರೇ ಮಂಜೂರಾತಿ.

ಬೆಂಗಳೂರಿನವರಾದರೆ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು ಮಾಮೂಲುಪೇಟೆಗೆ ನಡೆಯಿರಿ. ಕೃತಕ ಹೂವನ್ನು ಸಗಟು ದರದಲ್ಲಿ ಮಾರುವ ಅಂಗಡಿಗಳು ಅಲ್ಲಿವೆ. ಕೆ.ಆರ್. ಮಾರುಕಟ್ಟೆ ಅಲ್ಲಿಂದ ಕೂಗಳತೆಯಲ್ಲಿದೆ. ಆ ಕಡೆ ಸುಳಿಯಬೇಡಿ. ಅಲ್ಲಿ ರಾಶಿ ಹಾಕಿದ ಚೆಂಡುಹೂವು, ಸೇವಂತಿಗೆ, ಸುಗಂಧರಾಜದ ವಾಸನೆ ಮೂಗಿಗೆ ಬಡಿದರೆ ಮನಸ್ಸು ಸಡಿಲವಾಗಿ ಬರಿಗೈಯಲ್ಲಿ ಅಲ್ಲ, ತುಂಬಿದ ಚೀಲದೊಂದಿಗೆ ಮನೆಗೆ ಮರಳುವ ಸಂಭವವಿದೆ.

ಅಂಗಡಿಯಲ್ಲಿ ಮೊದಲು "ಸಿಲ್ಕ್ ಹೂ ತೋರಿಸಿ" ಅನ್ನಿ. ಅವರು ತೋರಿಸುವುದು ಪಾಲಿಯೆಸ್ಟರ್ ಬಟ್ಟೆಯ ಹೂ. ರಾಮನಗರದ ಯಾವ ಹುಳುವೂ ಅದಕ್ಕಾಗಿ ಗೂಡು ಕಟ್ಟಿರುವುದಿಲ್ಲ. ಅದಕ್ಕಿಂತ ದುಬಾರಿಯದು "ರಿಯಲ್ ಟಚ್". ಮುಟ್ಟಿದರೆ ತಣ್ಣಗೆ, ಮೆತ್ತಗೆ, ಸ್ವಲ್ಪ ಅಂಟಂಟಾಗಿರುತ್ತದೆ. ಎರಡನ್ನೂ ಹತ್ತು ನಿಮಿಷ ಸವರಿ, ತೂಗಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಹೊರಗೆ ಬಕೆಟ್ಟಿನಲ್ಲಿ ನಿಲ್ಲಿಸಿರುವ ಪಾಲಿಯೆಸ್ಟರ್, ಪ್ಲಾಸ್ಟಿಕ್ ಬೆರೆತ ಅಗ್ಗದ ಹೂವನ್ನೇ ಕೊಳ್ಳಿ. ಇದನ್ನೇ ವಿವೇಕ ಎನ್ನುವುದು.

ಬಣ್ಣದಲ್ಲಿ ಧೈರ್ಯವಿರಲಿ. ಗುಲಾಬಿ ಗಿಡದಲ್ಲಿ ನೀಲಿ ಬಣ್ಣಕ್ಕೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣಕವೇ ಇಲ್ಲ; ಆದ್ದರಿಂದ ಮೊದಲು ನೀಲಿ ಗುಲಾಬಿ ಎತ್ತಿಕೊಳ್ಳಿ. ಪ್ರಕೃತಿಗೆ ಸಾಧ್ಯವಾಗದ್ದು ನಿಮ್ಮ ಟೀಪಾಯಿಯ ಮೇಲೆ ಸಾಧ್ಯವಾಗಲಿ. ಋತುವಿನ ಹಂಗು ಬಿಡಿ. ಟುಲಿಪ್ ನೋಡಲು ಜನ ಮಾರ್ಚ್, ಏಪ್ರಿಲ್‌ನಲ್ಲಿ ಶ್ರೀನಗರದ ತೋಟಕ್ಕೆ ವಿಮಾನ ಹತ್ತುತ್ತಾರೆ. ನೀವು ಅದನ್ನು ಆಷಾಢದಲ್ಲಿ ತಾವರೆಯ ಪಕ್ಕ ನಿಲ್ಲಿಸಿ. ಬ್ರಹ್ಮಕಮಲವೂ ಒಂದಿರಲಿ. ಕುಂಡದಲ್ಲಿ ಬೆಳೆಸಿದವರು ಅದು ಅರಳುವ ಒಂದೇ ರಾತ್ರಿಗಾಗಿ ಕಾದು, ಅಕ್ಕಪಕ್ಕದವರನ್ನೆಲ್ಲ ಎಬ್ಬಿಸಿ ಕರೆದು, ಆರತಿ ಎತ್ತಿ, ಕಾಫಿ ಕೊಟ್ಟು ಕಳಿಸುತ್ತಾರೆ. ನಿಮ್ಮದು ಹಗಲೂ ರಾತ್ರಿ ಅರಳಿಯೇ ಇರುತ್ತದೆ. ನೋಡಲು ಯಾರೂ ಬರುವುದಿಲ್ಲ. ಕಾಫಿಪುಡಿ ಉಳಿಯಿತು.

ಮಲ್ಲಿಗೆ ಕೊಳ್ಳುವಾಗ ಒಂದು ಎಚ್ಚರಿಕೆ. ಮೈಸೂರು, ಉಡುಪಿ, ಹಡಗಲಿ ಈ ಮೂರು ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನಿಮ್ಮ ಮಲ್ಲಿಗೆಗೂ ಇದೆ: ತೊಟ್ಟಿನ ಬುಡಕ್ಕೆ ಅಂಟಿಸಿದ ಸಣ್ಣ ಚೀಟಿ. ಯಾವ ದೇಶದಲ್ಲಿ ತಯಾರಾಯಿತು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಉಗುರಿನಿಂದ ಕೆರೆದು ತೆಗೆಯಿರಿ. ಅರ್ಧ ಉಳಿದರೆ ಚಿಂತೆ ಬೇಡ, ಮೇಲೊಂದು ಎಲೆ ಬರುತ್ತದೆ.

ಲೆಕ್ಕ ಬರೆಯುವ ಕ್ರಮ

ಮನೆಯಲ್ಲೇ ಮಾಡಿದ ಗುಚ್ಛ ಅಂಗಡಿಯದಕ್ಕಿಂತ ಅಗ್ಗ ಎಂಬುದು ಮೊದಲೇ ತೀರ್ಮಾನವಾಗಿರುವ ಸಂಗತಿ. ಲೆಕ್ಕವನ್ನು ಅದಕ್ಕೆ ತಕ್ಕಂತೆ ಬರೆಯಿರಿ. ಹೂವಿನ ಬೆಲೆ ಮಾತ್ರ ಹೂವಿನ ಖಾತೆಗೆ. ಗ್ಲೂ ಗನ್ನು ಮುಂದೆಯೂ ಕೆಲಸಕ್ಕೆ ಬರುವ ಸಲಕರಣೆ, ಆದ್ದರಿಂದ ಬಂಡವಾಳ. ಮಳೆ ಬಂತೆಂದು ಹಿಡಿದ ಆಟೊ, ಪ್ರಯಾಣ. ಸುಸ್ತಾಗಿ ಹೋಟೆಲಿನಲ್ಲಿ ತಿಂದ ಮಸಾಲೆದೋಸೆ, ಆರೋಗ್ಯ. ಹೇಗೂ ಪೇಟೆಗೆ ಬಂದಿದ್ದೇವೆ ಎಂದು ಕೊಂಡ ಎರಡು ಸೀರೆ, ಹಬ್ಬ. ಹೀಗೆ ಬರೆದರೆ ಹೂವಿನ ಖಾತೆಯಲ್ಲಿ ಉಳಿತಾಯ ಎದ್ದು ಕಾಣುತ್ತದೆ. ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಹಂತ 1: ಪಾತ್ರೆ

ಹೂದಾನಿ ಕೊಳ್ಳಬೇಡಿ. ಅಟ್ಟದ ಮೇಲೆ ನಿಮ್ಮ ಮದುವೆಗೆ ಬಂದ ಹಿತ್ತಾಳೆ, ಸ್ಟೀಲು ಸಾಮಾನುಗಳ ಮೂಟೆ ಇದೆ. ಅದರಿಂದ ಒಂದು ದೊಡ್ಡ ಚೊಂಬು ತೆಗೆಯಿರಿ. ಕೊಟ್ಟವರ ಹೆಸರನ್ನು ಅದರ ಮೇಲೆ ಚುಕ್ಕಿಚುಕ್ಕಿಯಾಗಿ ಕೆತ್ತಿಸಿರುತ್ತಾರೆ. ಆ ಬದಿಯನ್ನು ಗೋಡೆಗೆ ತಿರುಗಿಸಿ.

ಹೂ ನಿಲ್ಲಲು ಒಳಗೆ ಏನಾದರೂ ತುಂಬಬೇಕು. ಅಂಗಡಿಯವರು ಕೃತಕ ಹೂವಿಗೆಂದೇ ಇರುವ ಒಣ ಫೋಮ್ ತೋರಿಸುತ್ತಾರೆ, ಬೇಡ ಅನ್ನಿ. ಹಸಿರು ಬಣ್ಣದ ಇನ್ನೊಂದು ಫೋಮ್ ತೋರಿಸುತ್ತಾರೆ. ಅದು ನೀರು ಹೀರುವಂಥದ್ದು. ಕಿತ್ತ ಹೂ ಇನ್ನೆರಡು ದಿನ ಬದುಕಲಿ ಎಂದು 1954ರಲ್ಲಿ ಅಮೆರಿಕದ ವೆರ್ನನ್ ಸ್ಮಿದರ್ಸ್ ಮಾರುಕಟ್ಟೆಗೆ ತಂದದ್ದು. ನಿಮ್ಮ ಹೂವಿಗೆ ಬದುಕಿನ ಗೊಡವೆ ಇಲ್ಲ. ಅದೂ ಬೇಡ.

ಥರ್ಮೊಕೋಲ್ ಬಳಸಿ. ಹೊಸ ಫ್ರಿಜ್ಜಿನ ಜೊತೆ ಬಂದದ್ದನ್ನು ಎಸೆಯಲು ಮನಸ್ಸಾಗದೆ ಮಂಚದ ಕೆಳಗೆ ಇಟ್ಟಿದ್ದೀರಿ, ಅದನ್ನೇ ತೆಗೆಯಿರಿ. ಕಾನೂನು ತಿಳಿದಿರಲಿ: 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿರುವ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಕೂಡ ಇದೆ. ಫ್ರಿಜ್ಜಿನ ಸುತ್ತ ಇದ್ದಾಗ ಅದು ಪ್ಯಾಕಿಂಗು, ಚೊಂಬಿನೊಳಗೆ ಇಳಿದ ಕ್ಷಣ ಅಲಂಕಾರ. ಆದ್ದರಿಂದ ಇಳಿಸುವಾಗ ಬಾಗಿಲು ಹಾಕಿಕೊಳ್ಳಿ. ಹೂವಿನ ಬಗ್ಗೆ ಭಯ ಬೇಡ. ಬಲೂನು ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ ಆ ಪಟ್ಟಿಯಲ್ಲಿದೆ, ಐಸ್‌ಕ್ರೀಮಿನ ಪ್ಲಾಸ್ಟಿಕ್ ಕಡ್ಡಿ ಇದೆ, ಕಿವಿಗೆ ಹಾಕುವ ಕಡ್ಡಿಯೂ ಇದೆ. ತುದಿಯಲ್ಲಿ ಪ್ಲಾಸ್ಟಿಕ್ ಹೂವಿರುವ ಪ್ಲಾಸ್ಟಿಕ್ ಕಡ್ಡಿ ಇಲ್ಲ. ನಿಶ್ಚಿಂತೆಯಿಂದ ಮುಂದುವರಿಯಿರಿ.

ಹಂತ 2: ತೊಟ್ಟು ಕತ್ತರಿಸುವುದು

ಕೃತಕ ಹೂವಿನ ತೊಟ್ಟಿನೊಳಗೆ ಗಟ್ಟಿ ತಂತಿ ಇರುತ್ತದೆ. ತಂತಿ ಕತ್ತರಿಸಲು ಕಟಿಂಗ್ ಪ್ಲೇಯರ್ ಇದೆ, ಆದರೆ ಅದು ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹುಡುಕಬೇಡಿ. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇರುತ್ತದೆ. ಅದನ್ನು ಯಾರೂ ಮುಟ್ಟಕೂಡದು ಎಂಬ ಕಟ್ಟಪ್ಪಣೆಯೂ ಇರುತ್ತದೆ. ಅಷ್ಟು ಜೋಪಾನ ಮಾಡಿದ್ದಾರೆ ಎಂದರೆ ಹರಿತವಾಗಿದೆ ಎಂದರ್ಥ. ಅದನ್ನೇ ತನ್ನಿ. ಮೂರನೆಯ ತೊಟ್ಟಿಗೆ ಅಲಗು ಹಲ್ಲುಹಲ್ಲಾಗುತ್ತದೆ. ಉಳಿದ ತೊಟ್ಟುಗಳನ್ನು ಅತ್ತ ಇತ್ತ ಬಗ್ಗಿಸಿ ಮುರಿಯಿರಿ. ಕತ್ತರಿಯನ್ನು ಇದ್ದಲ್ಲೇ, ಇದ್ದ ಹಾಗೇ ಇಡಿ. ರವಿಕೆ ಹೊಲಿಯುವ ದಿನ ಎಲ್ಲರಿಗೂ ತಿಳಿಯುತ್ತದೆ, ಅವಸರವೇನಿಲ್ಲ.

ಉದ್ದದ ವಿಷಯ. ಗುಚ್ಛದ ಎತ್ತರ ಪಾತ್ರೆಯ ಎತ್ತರದ ಒಂದೂವರೆಪಟ್ಟು ಇರಲಿ ಎಂದು ಬಲ್ಲವರು ಹೇಳುತ್ತಾರೆ. ನೀವು ಎಲ್ಲ ತೊಟ್ಟನ್ನೂ ಒಂದೇ ಉದ್ದಕ್ಕೆ ಕತ್ತರಿಸಿ. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತರೆ ಯಾವ ಹೂವಿಗೂ ಅನ್ಯಾಯವಾಗುವುದಿಲ್ಲ.

ಹಂತ 3: ಜೋಡಣೆ

ದೊಡ್ಡ ಹೂ ಕೆಲವು, ಸಣ್ಣ ಹೂ ಹಲವು, ನಡುವೆ ಒಂದಿಷ್ಟು ಖಾಲಿ ಜಾಗ. ಹೂಗಳ ಸಂಖ್ಯೆ ಮೂರು, ಐದು, ಏಳು ಹೀಗೆ ಬೆಸವಾಗಿರಲಿ. ತೊಟ್ಟುಗಳನ್ನು ಕೈಯಲ್ಲಿ ಓರೆಯಾಗಿ, ಒಂದೇ ದಿಕ್ಕಿಗೆ ಸುತ್ತುತ್ತ ಹಿಡಿಯಿರಿ, ಗುಚ್ಛ ತಾನೇ ಗುಂಡಗಾಗುತ್ತದೆ. ಇದು ಹೂ ಕಟ್ಟುವುದನ್ನೇ ಕಸುಬಾಗಿಸಿಕೊಂಡವರ ಮಾತು. ಅವರಿಗೆ ದಿನವೂ ಹೊಸ ಹೂ ಬರುತ್ತದೆ, ಪ್ರಯೋಗ ಮಾಡುತ್ತಾರೆ. ನಿಮ್ಮದು ಒಂದೇ ಸಲದ ಹೂಡಿಕೆ. ತಂದದ್ದನ್ನೆಲ್ಲ ತುರುಕಿ. ಖಾಲಿ ಜಾಗ ಕಂಡರೆ ದುಡ್ಡು ಪೋಲಾದ ಹಾಗೆ ಕಾಣುತ್ತದೆ.

ಮುಖಗಳೆಲ್ಲ ಸೋಫಾ ಕಡೆಗೆ ಇರಲಿ. ಹಿಂಭಾಗದಲ್ಲಿ ತಂತಿ, ಟೇಪು, ಅಂಟು ಕಂಡರೂ ಪರವಾಗಿಲ್ಲ, ಅದು ಗೋಡೆಯ ಪಾಲು. ಆ ಗೋಡೆಯಲ್ಲಿ ಕನ್ನಡಿ ಇದ್ದರೆ ಕನ್ನಡಿಯನ್ನು ಬೇರೆ ಕೋಣೆಗೆ ಸಾಗಿಸಿ.

ಪ್ಯಾಕೆಟ್ಟಿನಲ್ಲಿ ಮಡಚಿಕೊಂಡು ಬಂದ ದಳಗಳನ್ನು ಕುದಿಯುವ ನೀರಿನ ಆವಿಗೆ ಹಿಡಿದು ಬೆರಳಿನಿಂದ ತೀಡಿದರೆ ಸುಕ್ಕು ಹೋಗುತ್ತದೆ. ಅಷ್ಟು ತಾಳ್ಮೆ ಯಾರಿಗಿದೆ? ಇಸ್ತ್ರಿ ಪೆಟ್ಟಿಗೆ ಇಡಿ. ಪಾಲಿಯೆಸ್ಟರ್ ದಳ ಕರಗಿ ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಹತ್ತಿಕೊಳ್ಳುತ್ತದೆ. ಮರುದಿನ ಆಫೀಸಿನ ಬಿಳಿ ಅಂಗಿಯ ಬೆನ್ನಿನ ಮೇಲೆ ಅದೇ ಹೂವಿನ ಅಚ್ಚು ಮೂಡುತ್ತದೆ. ಒಂದು ಖರ್ಚಿಗೆ ಎರಡು ಅಲಂಕಾರ.

ಹಂತ 4: ಎಲೆ

ಎಲೆ ಧಾರಾಳವಾಗಿ ಹಾಕಿ. ಹೂವಿನ ತಪ್ಪುಗಳನ್ನೆಲ್ಲ ಮುಚ್ಚುವುದು ಎಲೆಯೇ. ಯಾವ ಹೂವಿಗೆ ಯಾವ ಎಲೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಗುಲಾಬಿಯ ಕೆಳಗೆ ಬಿದಿರಿನ ಎಲೆ, ತಾವರೆಯ ಕೆಳಗೆ ದ್ರಾಕ್ಷಿ ಬಳ್ಳಿಯ ಎಲೆ ನಡೆಯುತ್ತದೆ. ಲಾಲ್‌ಬಾಗಿನಲ್ಲಿ ಓದಿದವರು ಯಾರೂ ನಿಮ್ಮ ಮನೆಗೆ ಬರುವುದಿಲ್ಲ.

ಹಸಿರು ಕೈಗೆ ಹತ್ತಿದರೆ ಗಾಬರಿ ಬೇಡ, ಕಾಲ ಸುಧಾರಿಸಿದೆ. 1861ರಲ್ಲಿ ಲಂಡನ್ನಿನಲ್ಲಿ ಮಟಿಲ್ಡಾ ಶೂರರ್ ಎಂಬ 19 ವರ್ಷದ ಹುಡುಗಿ ಕೃತಕ ಎಲೆಗಳಿಗೆ ಹಸಿರು ಪುಡಿ ಉದುರಿಸುವ ಕೆಲಸ ಮಾಡುತ್ತ ಸತ್ತಳು. ಆ ಪುಡಿಯಲ್ಲಿ ಆರ್ಸೆನಿಕ್ ಇತ್ತು. ಎಲೆ ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು, ಶ್ರೀಮಂತ ಹೆಂಗಸರ ಟೋಪಿ, ಮುಡಿಗಳಲ್ಲಿ ಮೆರೆಯುತ್ತಿತ್ತು. ಇಂದಿನ ಎಲೆಯನ್ನು ಯಾರು ಮಾಡಿದರು, ಯಾವ ಊರಿನಲ್ಲಿ, ಎಷ್ಟು ಕೂಲಿಗೆ ಎಂದು ಅಂಗಡಿಯವರನ್ನು ಕೇಳಬೇಡಿ. ಅವರಿಗೆ ಗೊತ್ತಿಲ್ಲ. ಡಜನ್ನಿಗೆ ಎಷ್ಟು ಬಿಡುತ್ತೀರಿ ಎಂದು ಕೇಳಿ. ಅದು ಗೊತ್ತು.

ಹಂತ 5: ಅಂಟು ಮತ್ತು ಟೇಪು

ತೊಟ್ಟುಗಳನ್ನು ಒಟ್ಟಿಗೆ ಸುತ್ತಲು ಹಸಿರು ಟೇಪು ಬರುತ್ತದೆ. ಮೇಣ ಲೇಪಿಸಿದ ಕಾಗದ ಅದು. ಎಳೆದು ಹಿಗ್ಗಿಸಿದರೆ ಮಾತ್ರ ಮೇಣ ಅಂಟುತ್ತದೆ. ಹಿಗ್ಗಿಸಬೇಡಿ. ಹಾಗೇ ಸುತ್ತಿ. ಬಿಚ್ಚಿಕೊಳ್ಳುತ್ತದೆ, ಮತ್ತೆ ಸುತ್ತಿ. ಸುರುಳಿ ಮುಗಿದ ಮೇಲೆ ಟೇಪು ಕಳಪೆ ಎಂದು ಬೈದು, ಕರೆಂಟಿನವರು ಬಳಸುವ ಕಪ್ಪು ಟೇಪು ಸುತ್ತಿ.

ಈಗ ಗ್ಲೂ ಗನ್ನು. ಕಡಿಮೆ ಶಾಖದ್ದು ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುತ್ತದೆ, ಹೆಚ್ಚಿನದು ಸುಮಾರು 190ಕ್ಕೆ. ಹೆಚ್ಚಿನದನ್ನೇ ತಗೊಳ್ಳಿ, ಬೆಲೆ ಹೆಚ್ಚುಕಮ್ಮಿ ಒಂದೇ, ಶಾಖ ಏಕೆ ಬಿಡಬೇಕು? ಥರ್ಮೊಕೋಲ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಅಂಟು ಬಿದ್ದಲ್ಲೆಲ್ಲ ತೂತು ಬೀಳುತ್ತದೆ. ತೂತಿಗೆ ಅಂಟು ತುಂಬಿ. ತೂತು ದೊಡ್ಡದಾಗುತ್ತದೆ. ಇನ್ನಷ್ಟು ತುಂಬಿ. ಕೊನೆಗೆ ಚೊಂಬಿನಲ್ಲಿ ಥರ್ಮೊಕೋಲ್ ಹೋಗಿ ಅಂಟೇ ಉಳಿಯುತ್ತದೆ. ಹೂ ಅಲ್ಲಾಡುವುದಿಲ್ಲ, ಚೊಂಬು ಇನ್ನು ಯಾವ ಜನ್ಮಕ್ಕೂ ಪಾನಕಕ್ಕೆ ಬರುವುದಿಲ್ಲ.

ಹೂವನ್ನು ಹಿಡಿದುಕೊಳ್ಳಲು ಮನೆಯವರಲ್ಲಿ ಒಬ್ಬರನ್ನು ಕರೆಯಿರಿ. ಅಂಟು ಬೀಳುವುದು ಹಿಡಿದವರ ಬೆರಳ ಮೇಲೆ, ಆದ್ದರಿಂದ ನೀವು ಗನ್ನಿನ ಕಡೆ ಇರಿ. ಆಗ ಕೇಳಿಬರುವ ಮಾತುಗಳಿಗಾಗಿ ಮಕ್ಕಳನ್ನು ಮೊದಲೇ ಟ್ಯೂಷನ್ನಿಗೆ ಕಳುಹಿಸಿ. ಹೂವಿನಿಂದ ಹೂವಿಗೆ ಎಳೆಎಳೆಯಾಗಿ ಹರಡಿದ ಅಂಟಿನ ನೂಲನ್ನು ಬಿಡಿಸಬೇಡಿ. ಯಾರಾದರೂ ಕೇಳಿದರೆ ಜೇಡ ಅನ್ನಿ. ಜೇಡ ಬಂದಿದೆ ಎಂದರೆ ಹೂ ಅಸಲಿ ಎಂದೇ ಅಲ್ಲವೇ?

ಹಂತ 6: ಜೀವ ತುಂಬುವುದು

ಗುಚ್ಛ ಸಿದ್ಧವಾಯಿತು. ಇನ್ನು ಅದು ಬದುಕಿದೆ ಎಂಬ ಗುಮಾನಿ ಹುಟ್ಟಿಸಿ.

ಪಾರದರ್ಶಕ ಅಂಟಿನ ಹನಿಗಳನ್ನು ದಳದ ಮೇಲೆ ಬಿಟ್ಟರೆ ಇಬ್ಬನಿ ಆಗುತ್ತದೆ. ಮಧ್ಯಾಹ್ನ ಮೂರು ಗಂಟೆಗೂ, ಮೇ ತಿಂಗಳಲ್ಲೂ ಇಬ್ಬನಿ ಇರಲಿ. ಪಕ್ಕದಲ್ಲಿ ಒಂದೆರಡು ದಳ ಉದುರಿಸಿ. ಅವೇ ದಳ ಅದೇ ಜಾಗದಲ್ಲಿ ಯುಗಾದಿಯಿಂದ ದೀಪಾವಳಿಯವರೆಗೆ ಬಿದ್ದಿರುವುದನ್ನು ಯಾರೂ ಗಮನಿಸುವುದಿಲ್ಲ. ವಾಸನೆಗಾಗಿ ಹೂವಿನ ನಡುವೆ ಊದುಬತ್ತಿ ಸಿಕ್ಕಿಸುವ ಯೋಚನೆ ಬಂದರೆ ಬಿಡಿ, ಪಾಲಿಯೆಸ್ಟರಿಗೆ ಬೆಂಕಿ ಎಂದರೆ ಬಹಳ ಪ್ರೀತಿ. ಅತ್ತರು ಹಚ್ಚಿ. ಗುಲಾಬಿಗೆ ಗುಲಾಬಿಯದೇ ಬೇಕೆಂದಿಲ್ಲ, ಮನೆಯಲ್ಲಿರುವುದನ್ನು ಹಚ್ಚಿ. ತಾವರೆಯಿಂದ ಮದುಮಗನ ವಾಸನೆ ಬಂದರೆ ಮನೆಗೆ ಶುಭ.

ಬಂದವರ ಎದುರಿಗೆ ನೀರು ಹಾಕಿ. ಒಂದು ಲೋಟದಷ್ಟು ಸಾಕು. ತೊಟ್ಟಿನೊಳಗಿನ ತಂತಿ ತುಕ್ಕು ಹಿಡಿದು ನೀರು ಕೆಂಚಗಾಗುತ್ತದೆ. "ಗೊಬ್ಬರ ಹಾಕಿದೀನಿ" ಅನ್ನಿ.

ಅತಿಥಿಗಳ ನಿರ್ವಹಣೆ

"ಅಯ್ಯೋ, ಎಷ್ಟು ಚೆನ್ನಾಗಿದೆಯೇ! ನಿಜವಾದ್ದಾ?" ಎಂದು ದೊಡ್ಡಮ್ಮ ಕೇಳುತ್ತಾರೆ. ಹೌದು ಎನ್ನಬೇಡಿ, ಅಲ್ಲ ಎಂದೂ ಎನ್ನಬೇಡಿ. "ನಾನೇ ಮಾಡಿದ್ದು ದೊಡ್ಡಮ್ಮಾ" ಅನ್ನಿ. ಕೇಳಿದ್ದೊಂದು, ಹೇಳಿದ್ದೊಂದು ಎಂದು ಅವರಿಗೆ ಹೊಳೆಯುವಷ್ಟರಲ್ಲಿ ಕಾಫಿ ಬಂದಿರಬೇಕು.

ಅವರು ಮೂಸಲು ಬಗ್ಗಿದರೆ ಕೋಡುಬಳೆಯ ತಟ್ಟೆ ಅಡ್ಡ ಹಿಡಿಯಿರಿ. "ಒಂದೇ ಒಂದು ಮುಡ್ಕೊಳ್ಲೇನೇ?" ಎಂದು ಕೈ ಚಾಚಿದರೆ "ಸಂಜೆ ದೇವರಿಗೆ ಅಂತ ಇಟ್ಟಿದೀನಿ" ಅನ್ನಿ. ದೇವರ ಹೆಸರು ಹೇಳಿದ ಮೇಲೆ ದೊಡ್ಡಮ್ಮ ಮುಟ್ಟುವುದಿಲ್ಲ. ಅವರ ಜೊತೆ ಬಂದ ಮಗು ಮುಟ್ಟುತ್ತದೆ. ಹೂವಿನ ತಲೆ ಟಕ್ಕೆಂದು ಕೈಗೆ ಬರುತ್ತದೆ. ನಗುತ್ತ ಇಸಿದುಕೊಂಡು ಮತ್ತೆ ಟಕ್ಕೆಂದು ಸಿಕ್ಕಿಸಿ. ನಿಜವಾದ ಹೂವಿನಲ್ಲಿ ಈ ಸೌಲಭ್ಯ ಇಲ್ಲ ಎಂಬುದನ್ನು ಮಗುವಿಗೆ ತಿಳಿಹೇಳಿ. ಮಕ್ಕಳು ಮನೆಯಲ್ಲೇ ವಿಜ್ಞಾನ ಕಲಿಯಬೇಕು.

ಉಳಿದ ಹೂ ಏನು ಮಾಡುವುದು

ಉಳಿದದ್ದನ್ನು ದೇವರ ಮನೆಗೆ ಒಯ್ಯಿರಿ. ಪ್ಲಾಸ್ಟಿಕ್ ಚೆಂಡುಹೂವಿನ ಸರವನ್ನು ಬಾಗಿಲಿಗೆ ತೋರಣ ಕಟ್ಟಿ, ಮಾವಿನ ಎಲೆಗೆ ಮರ ಹತ್ತುವ ತಾಪತ್ರಯ ತಪ್ಪಿತು. ಒಂದು ಸರ ತಾತನ ಫೋಟೊಗೆ ಹಾಕಿ. ತಾತ ಬದುಕಿದ್ದಾಗ ದಿನವೂ ಎದ್ದು ಹಿತ್ತಲಿನ ದಾಸವಾಳ, ಪಾರಿಜಾತ ಆಯ್ದು ತರುತ್ತಿದ್ದರು. ಈಗ ವಿಶ್ರಾಂತಿಯಲ್ಲಿದ್ದಾರೆ, ಬೇಸರಿಸಿಕೊಳ್ಳುವುದಿಲ್ಲ. ದೇವರಿಗೂ ಒಂದು ಹೂ ಶಾಶ್ವತವಾಗಿ ಏರಿಸಿಬಿಡಿ. ಬೆಳಿಗ್ಗೆ ನಿರ್ಮಾಲ್ಯ ತೆಗೆಯುವ ಕೆಲಸವಿಲ್ಲ. ತೆಗೆಯುವ ಕೆಲಸವಿಲ್ಲದ ಮೇಲೆ ಏರಿಸುವ ಕೆಲಸವೂ ಇಲ್ಲ. ಎರಡೂ ಇಲ್ಲದ ಮೇಲೆ ಬೆಳಿಗ್ಗೆ ಆ ಕೋಣೆಯ ಬಾಗಿಲು ತೆಗೆಯುವ ಕಾರಣವೇ ಉಳಿಯುವುದಿಲ್ಲ. ಇಸ್ತ್ರಿ ಬಟ್ಟೆ ಇಡಲು ಒಳ್ಳೆಯ ಜಾಗವಾಯಿತು.

ಪಾಲನೆ

ವರ್ಷದಲ್ಲಿ ಒಂದು ದಿನ ಸಾಕು: ಆಯುಧಪೂಜೆ. ಅಲ್ಲಿಯವರೆಗೆ ಧೂಳನ್ನು ಮುಟ್ಟಬೇಡಿ, ಅದು ಹೂವಿಗೆ ಹೊದಿಕೆ. ಚೀಲವೊಂದಕ್ಕೆ ಹೂ ಹಾಕಿ, ಒಂದು ಹಿಡಿ ಉಪ್ಪು ಸುರಿದು ಕುಲುಕಿದರೆ ಧೂಳು ಉಪ್ಪಿಗೆ ಹತ್ತುತ್ತದೆ ಎಂದು ತಿಳಿದವರು ಹೇಳುತ್ತಾರೆ. ನೀವು ಅಂಟಿಸಿರುವ ಹೂ ಚೊಂಬಿನ ಸಮೇತವೇ ಚೀಲಕ್ಕೆ ಹೋಗಬೇಕು. ಕುಲುಕುವವರ ಭುಜ ಗಟ್ಟಿಯಿದ್ದರೆ ಮಾತ್ರ ಮಾಡಿ. ಇಲ್ಲವಾದರೆ ಹಬ್ಬದ ದಿನ ಸ್ಕೂಟರಿನ ಪಕ್ಕದಲ್ಲಿ ನಿಲ್ಲಿಸಿ ಪೈಪು ಬಿಡಿ. ಗುಲಾಬಿಯ ಕೆಂಪು ತಾವರೆಗೆ ಇಳಿಯುತ್ತದೆ, ತಾವರೆಯದು ನಿಮ್ಮ ಪಂಚೆಗೆ.

ಕಿಟಕಿಯ ಪಕ್ಕ ಇಟ್ಟರೆ ಬಿಸಿಲಿನ ನೇರಳಾತೀತ ಕಿರಣಕ್ಕೆ ಆ ಬದಿಯ ಬಣ್ಣ ಬಿಳಿಚಿಕೊಳ್ಳುತ್ತದೆ. ಚೊಂಬನ್ನು ಆಗಾಗ ತಿರುಗಿಸಿದರೆ ಸುತ್ತಲೂ ಸಮನಾಗಿ ಬಿಳಿಚುತ್ತದೆ. ತಿರುಗಿಸುವಾಗ ಕೆತ್ತಿದ ಹೆಸರು ಮುಂದೆ ಬರುತ್ತದೆ. ಆ ವಾರ ಅವರನ್ನು ಮನೆಗೆ ಕರೆಯಬೇಡಿ.

ವಿಲೇವಾರಿ

ಒಂದು ದಿನ ನಿಮಗೆ ಅದನ್ನು ನೋಡಿ ಸಾಕಾಗುತ್ತದೆ. ಹೂ ಬಾಡಿದ್ದರೆ ಆ ದಿನವೇ ಬರುತ್ತಿರಲಿಲ್ಲ, ಆದರೆ ಆ ಮಾತು ಈಗ ಬೇಡ. ಹೊರಗೆ ಹಾಕುವ ಬಗೆ ನೋಡಿ.

ಹಸಿ ಕಸಕ್ಕೆ ಹಾಕಿದರೆ ಕಸದ ಗಾಡಿಯಲ್ಲಿ ಬರುವ ಪೌರಕಾರ್ಮಿಕ ಮಹಿಳೆ ತೆಗೆದು ನಿಮ್ಮ ಗೇಟಿಗೇ ಸಿಕ್ಕಿಸಿ ಹೋಗುತ್ತಾಳೆ. ಒಣ ಕಸಕ್ಕೆ ಹಾಕಿದರೆ ಬಟ್ಟೆ, ಪ್ಲಾಸ್ಟಿಕ್, ತಂತಿ, ಅಂಟು, ಹಿತ್ತಾಳೆ ಎಲ್ಲ ಒಂದಾಗಿ ಹೋಗಿರುವುದರಿಂದ ಯಾವುದಕ್ಕೂ ಸೇರುವುದಿಲ್ಲ. ಗುಜರಿಯವನು ಚೊಂಬಿಗೆ ಆಸೆಪಟ್ಟು ಎತ್ತಿ ನೋಡಿ, ಒಳಗಿನ ಅಂಟು ಕಂಡು ಕೆಳಗಿಡುತ್ತಾನೆ. ಗಣೇಶನ ಜೊತೆ ಬಿಡೋಣವೆಂದರೆ ಅವನು ಮುಳುಗುತ್ತಾನೆ, ಕಿತ್ತುಬಂದ ಹೂ ತೇಲುತ್ತದೆ. ಮಣ್ಣಿಗೆ ಹಾಕಿದರೆ ಮಣ್ಣು ಕಾಯುತ್ತದೆ, ಹೂ ಅದಕ್ಕಿಂತ ಹೆಚ್ಚು ಕಾಯುತ್ತದೆ.

ಉಳಿದಿರುವ ದಾರಿ ಒಂದೇ. ಉಡುಗೊರೆ ಕೊಡಿ.

ಸರ್ಕಾರಿ ಸಮಾರಂಭಕ್ಕೆ ಒಯ್ಯಬೇಡಿ. ಹಾರ, ತುರಾಯಿ, ಶಾಲು ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿದೆ. ಆ ಪುಸ್ತಕಕ್ಕೂ ನಿಮ್ಮ ಗುಚ್ಛಕ್ಕೂ ಮುಂದಿನ ಪಾಡು ಒಂದೇ, ಗಾಜಿನ ಕಪಾಟು ಮತ್ತು ಧೂಳು. ಆದರೂ ನಿಯಮ ನಿಯಮವೇ. ನಿಮಗೆ ಬೇಕಾದದ್ದು ಗೃಹಪ್ರವೇಶ. ಹೊಸ ಮನೆಯಲ್ಲಿ ಶೋಕೇಸು ಖಾಲಿ ಇರುತ್ತದೆ, ಮನೆಯವರು ಮೂರು ರಾತ್ರಿಯಿಂದ ನಿದ್ದೆಗೆಟ್ಟಿರುತ್ತಾರೆ. ಏನು ಕೊಟ್ಟರೂ ತಗೊಳ್ಳುತ್ತಾರೆ.

ಗುಚ್ಛಕ್ಕೆ ಹೊಳೆಯುವ ಕಾಗದ ಸುತ್ತಿ ರಿಬ್ಬನ್ ಕಟ್ಟಿ. ಧೂಳು ಒಳಗೇ ಇರಲಿ, ಹೊಳಪಿನಲ್ಲಿ ಕಾಣುವುದಿಲ್ಲ. ಸತ್ಯನಾರಾಯಣ ಪೂಜೆಯ ಮಂಗಳಾರತಿಗೆ ಸರಿಯಾಗಿ ಒಳಗೆ ಹೋಗಿ. ಎಲ್ಲರ ಕೈಯೂ ಆರತಿಯ ಮೇಲಿರುವಾಗ ಮೂಲೆಯಲ್ಲಿಟ್ಟು ಬನ್ನಿ. ಮುಯ್ಯಿ ಬರೆದುಕೊಳ್ಳುವವರು ಕೂತಿದ್ದರೆ "ಹೂಗುಚ್ಛ, ಚೊಂಬು ಸಮೇತ" ಎಂದು ಬರೆಸಿ. ಎರಡು ಉಡುಗೊರೆಯ ಲೆಕ್ಕವಾಗುತ್ತದೆ. ಊಟ ಮುಗಿಸಿಯೇ ಹೊರಡಿ.

ಮನೆಗೆ ಬಂದು ನಿಮ್ಮ ಪುಸ್ತಕದಲ್ಲೂ ಬರೆದಿಡಿ: ಯಾರಿಗೆ, ಯಾವಾಗ. ಏಕೆಂದರೆ ಅವರಿಗೂ ಒಂದು ದಿನ ಸಾಕಾಗುತ್ತದೆ, ಅವರೂ ಗುಜರಿಯವನನ್ನು ಕರೆದು ನೋಡುತ್ತಾರೆ, ಅವರ ನೆಂಟರಲ್ಲೂ ಒಬ್ಬರು ಮನೆ ಕಟ್ಟಿಸುತ್ತಾರೆ. ಹೀಗೆ ನಾಲ್ಕಾರು ಮನೆ ದಾಟಿ, ಹೊಸ ಹೊಸ ಕಾಗದ ಸುತ್ತಿಕೊಂಡು, ನಿಮ್ಮ ಮಗನ ಮದುವೆಗೋ ಮೊಮ್ಮಗಳ ನಾಮಕರಣಕ್ಕೋ ಗುಚ್ಛ ಬಂದೇ ಬರುತ್ತದೆ. ಬಂದಾಗ ಚೊಂಬು ತಿರುಗಿಸಿ ಹೆಸರು ಓದಲು ಹೋಗಬೇಡಿ. "ಎಷ್ಟು ಫ್ರೆಶ್ಶಾಗಿದೆ ನೋಡಿ!" ಎಂದು ಎರಡೂ ಕೈಯಲ್ಲಿ ತಗೊಳ್ಳಿ, ತಂದವರನ್ನು ಮೊದಲ ಪಂಕ್ತಿಗೆ ಕೂರಿಸಿ.

ಹೊರಡುವಾಗ ಅವರಿಗೆ ಅರಿಸಿನ ಕುಂಕುಮ, ತಾಂಬೂಲ ಕೊಡಿ. ಜೊತೆಗೊಂದು ತುಂಡು ಮಲ್ಲಿಗೆ. ಇಲ್ಲಿ ಮಾತ್ರ ಉಳಿತಾಯಕ್ಕೆ ಕೈ ಹಾಕಬೇಡಿ, ಹೂವಮ್ಮನಿಗೆ ಹಿಂದಿನ ದಿನವೇ ಹೇಳಿ ಕಳಿಸಿ ನಿಜವಾದದ್ದನ್ನೇ ತರಿಸಿ, ಮುಡಿಯುವವರಿಗೆ ಗೊತ್ತಾಗಿಬಿಡುತ್ತದೆ.